ಬಿಸಿಯಾದ ಮೇಲೆ ಸ್ಟಾರ್ಟ್ ಆಗದ ಔಟ್‌ಬೋರ್ಡ್ ಎಂಜಿನ್: ದೋಷ ಎಲ್ಲಿರಬಹುದು?

ಪ್ರಶ್ನೆ (ಗಂಗೊಳ್ಳಿಯಿಂದ)

ನಮ್ಮ ನಾಡದೋಣಿಗೆ 9.9 ಅಶ್ವಶಕ್ತಿಯ, ಎರಡು ಸಿಲಿಂಡರಿನ ಟೂ-ಸ್ಟ್ರೋಕ್ ಔಟ್‌ಬೋರ್ಡ್ ಎಂಜಿನ್ ಇದೆ. ಪೆಟ್ರೋಲಿನಲ್ಲಿ ಶುರುಮಾಡಿ, ಕಾದ ಮೇಲೆ ಸೀಮೆಎಣ್ಣೆಗೆ ಬದಲಿಸುವ ಮಾದರಿ. ಬೆಳಿಗ್ಗೆ ತಣ್ಣಗಿರುವಾಗ ಒಂದೆರಡು ಸಲ ಹಗ್ಗ ಎಳೆದರೆ ಹೊರಡುತ್ತದೆ. ಆದರೆ ಅಳಿವೆ ದಾಟಿ, ಬಲೆ ಬಿಡುವಲ್ಲಿ ನಿಲ್ಲಿಸಿದರೆ, ಮತ್ತೆ ಎಷ್ಟು ಎಳೆದರೂ ಉಸಿರೆತ್ತುವುದಿಲ್ಲ. ಮುಚ್ಚಳ ತೆಗೆದು ಅರ್ಧ ಗಂಟೆ ಬಿಟ್ಟರೆ ಏನೂ ಆಗದಂತೆ ಶುರುವಾಗುತ್ತದೆ. ಸ್ಪಾರ್ಕ್ ಪ್ಲಗ್ ಹೊಸದು, ಕಾರ್ಬ್ಯುರೇಟರ್ ಸ್ವಚ್ಛಗೊಳಿಸಿಯಾಗಿದೆ. ದಡದಲ್ಲಿ ಪರೀಕ್ಷಿಸಿದ ಮೆಕ್ಯಾನಿಕ್ ಎಲ್ಲ ಸರಿಯಿದೆ ಎನ್ನುತ್ತಾರೆ. ಸಿಡಿಐ (ಪ್ಲಗ್ಗುಗಳಿಗೆ ಕಿಡಿ ಕಳಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ) ಬದಲಿಸಬೇಕೇ?

ಉತ್ತರ (ಹೊನ್ನಾವರದಿಂದ)

ನಿಲ್ಲಿಸುವ ಮೊದಲು ಕೆಲವು ನಿಮಿಷ ಪೆಟ್ರೋಲಿಗೆ ಮರಳಿಸುತ್ತೀರಾ? ಸೀಮೆಎಣ್ಣೆಯಲ್ಲೇ ನಿಲ್ಲಿಸಿದರೆ ಕಾರ್ಬ್ಯುರೇಟರಿನ ಬಟ್ಟಲಿನಲ್ಲಿ ಅದೇ ಉಳಿದು, ಪೆಟ್ರೋಲಿನಷ್ಟು ಸುಲಭವಾಗಿ ಆವಿಯಾಗದ ಕಾರಣ, ಕೈಯಿಂದ ಎಳೆಯುವ ವೇಗಕ್ಕೆ ಹೊತ್ತಿಕೊಳ್ಳದೆ ಪ್ಲಗ್ಗನ್ನು ಒದ್ದೆ ಮಾಡುತ್ತದೆ. ಕಾದ ಎಂಜಿನ್ನಿಗೆ ಚೋಕ್ ಎಳೆಯುವುದೂ ಬೇಡ. ಟ್ಯಾಂಕಿನ ಗಾಳಿ ತಿರುಪು ತೆರೆದಿದೆಯೇ ನೋಡಿ.

ಪ್ರಶ್ನೆ ಕೇಳಿದವರು

ಪೆಟ್ರೋಲಿಗೆ ಮರಳಿಸಿಯೇ ನಿಲ್ಲಿಸುತ್ತೇವೆ, ಚೋಕ್ ಮುಟ್ಟುವುದಿಲ್ಲ, ಗಾಳಿ ತಿರುಪೂ ತೆರೆದಿರುತ್ತದೆ.

ಉತ್ತರ (ಮಲ್ಪೆಯಿಂದ)

ಸಿಡಿಐಗೆ ಈಗಲೇ ಹಣ ಹಾಕಬೇಡಿ. ದಡದಲ್ಲಿ ಮೆಕ್ಯಾನಿಕ್ ಕೈಗೆ ಸಿಗುವಷ್ಟರಲ್ಲಿ ಎಂಜಿನ್ ತಣ್ಣಗಾಗಿರುವುದರಿಂದ ಅಲ್ಲಿ ಮಾಡಿದ ಪರೀಕ್ಷೆ ಯಾವುದನ್ನೂ ಹೇಳುವುದಿಲ್ಲ; ಮೊಂಡುಬಿದ್ದ ಆ ಅರ್ಧ ಗಂಟೆಯೊಳಗೇ ನೋಡಬೇಕು. ಆಗ ಎರಡೂ ಪ್ಲಗ್ ಬಿಚ್ಚಿ. ಒಣಗಿದ್ದರೆ ಇಂಧನ ಬರುತ್ತಿಲ್ಲವೆಂದರ್ಥ: ಬಿಸಿಗೆ ಪೆಟ್ರೋಲ್ ಪಂಪಿನಲ್ಲೋ ಪೈಪಿನಲ್ಲೋ ಆವಿಯಾಗಿ ದಾರಿ ಕಟ್ಟಿರಬಹುದು, ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಇಂಧನ ಪೈಪಿನ ರಬ್ಬರ್ ಬಲ್ಬ್ ಒತ್ತಿ ನೋಡಿ. ಒದ್ದೆಯಾಗಿದ್ದರೆ ಕಿಡಿ ಪರೀಕ್ಷಿಸಿ. ಪ್ಲಗ್ಗಿನ ಲೋಹದ ಮೈಯನ್ನು ಎಂಜಿನ್ ಬ್ಲಾಕಿಗೆ ತಾಗಿಸಿಟ್ಟು ಹಗ್ಗ ಎಳೆಯಬೇಕು. ಸಿಲಿಂಡರಿನ ತೂತಿನಿಂದ ಇಂಧನದ ಆವಿ ಚಿಮ್ಮುವುದರಿಂದ ಪ್ಲಗ್ಗನ್ನು ಅದರ ಹತ್ತಿರ ಇಡಲೇಬಾರದು. ಬಿಸಿಲಿನಲ್ಲಿ ಕಿಡಿ ಕಾಣುವುದು ಕಷ್ಟ, ಕೈಯಿಂದ ನೆರಳು ಮಾಡಿಕೊಳ್ಳಿ.

ಪ್ರಶ್ನೆ ಕೇಳಿದವರು

ಇಂದು ನೋಡಿದೆವು. ಎರಡೂ ಪ್ಲಗ್ ಒದ್ದೆ, ಪೆಟ್ರೋಲಿನ ವಾಸನೆ, ಎರಡರಲ್ಲೂ ಕಿಡಿ ಇಲ್ಲ. ತಣ್ಣಗಾದ ಮೇಲೆ ಅದೇ ಪ್ಲಗ್ಗುಗಳಲ್ಲಿ ನೀಲಿ ಕಿಡಿ ಬಂತು.

ಉತ್ತರ (ಮಲ್ಪೆಯಿಂದ)

ಹಾಗಾದರೆ ಇಂಧನದ ಕಡೆ ಮತ್ತೆ ಕೈಹಾಕುವುದು ಬೇಡ. ಎರಡೂ ಸಿಲಿಂಡರಿನಲ್ಲಿ ಒಟ್ಟಿಗೆ ಕಿಡಿ ಹೋಗುತ್ತದೆಂದರೆ ಎರಡಕ್ಕೂ ಸೇರಿದ ಭಾಗವೇ ಸೋಲುತ್ತಿದೆ. ಮೊದಲು ಸ್ಟಾಪ್ ಸ್ವಿಚ್ಚಿನ ತಂತಿಯನ್ನು ತಾತ್ಕಾಲಿಕವಾಗಿ ಬೇರ್ಪಡಿಸಿ ನೋಡಿ. ಉಪ್ಪು ಹಿಡಿದ ಸ್ವಿಚ್ ತಾನಾಗಿಯೇ ಕಿಡಿ ಕಡಿದು ಎಷ್ಟೋ ಸಲ ಇದೇ ಆಟ ಆಡುತ್ತದೆ. ಆಗ ಎಂಜಿನ್ ಹೊರಟರೆ ಗುಂಡಿ ಒತ್ತಿ ನಿಲ್ಲಿಸಲಾಗದು, ಚೋಕ್ ಎಳೆದೇ ನಿಲ್ಲಿಸಬೇಕು ಎಂಬುದು ನೆನಪಿರಲಿ.

ಅದರಿಂದಲೂ ಕಿಡಿ ಬಾರದಿದ್ದರೆ ನನ್ನ ಅನುಮಾನ ಫ್ಲೈವೀಲಿನ (ಎಂಜಿನ್ನಿನ ಜೊತೆ ತಿರುಗುವ ಭಾರದ ಚಕ್ರದ) ಕೆಳಗೆ, ಸಿಡಿಐಗೆ ವಿದ್ಯುತ್ ಒದಗಿಸುವ ಚಾರ್ಜ್ ಕಾಯಿಲ್ ಮೇಲೆ. ಬಿಸಿಗೆ ಹಿಗ್ಗಿದಾಗ ಅದರೊಳಗಿನ ಸಣ್ಣ ತಂತಿಯ ಬಿರುಕು ಬಾಯಿಬಿಟ್ಟು, ತಣ್ಣಗಾದಾಗ ಮತ್ತೆ ಕೂಡಿಕೊಳ್ಳುತ್ತದೆ. ಫ್ಲೈವೀಲ್ ಬಿಚ್ಚದೆಯೇ ಕಾಯಿಲಿನಿಂದ ಹೊರಬರುವ ತಂತಿಗಳ ಜೋಡಣೆಯಲ್ಲಿ ಮಲ್ಟಿಮೀಟರ್ ಹಿಡಿದು, ಬೆಳಿಗ್ಗೆ ಒಮ್ಮೆ, ಕೆಟ್ಟು ನಿಂತಾಗ ಒಮ್ಮೆ ರೋಧ ಅಳೆಯಿರಿ. ತಾಮ್ರದ ರೋಧ ಪ್ರತಿ ಡಿಗ್ರಿ ಸೆಲ್ಸಿಯಸ್ಸಿಗೆ ಸುಮಾರು 0.4 ಶೇಕಡಾ ಏರುವುದರಿಂದ, 50 ಡಿಗ್ರಿ ಬಿಸಿಯೇರಿದಾಗ ಬೆಳಗಿನ ಅಳತೆಗಿಂತ ಶೇಕಡಾ 20ರಷ್ಟು ಹೆಚ್ಚು ಬಂದರೆ ಅದು ಸಹಜ, ಗಾಬರಿ ಬೇಡ. ಅಂಕಿಯೇ ಕಾಣದೆ ಹೋದರೆ ಅಥವಾ ತಂತಿ ಅಲುಗಿಸಿದಂತೆ ಕುಣಿದರೆ ಕಾಯಿಲ್ ಹೋಗಿದೆ. ಅಳತೆ ಸರಿಯಿದ್ದರೆ ಮಾತ್ರ ಸಿಡಿಐ ಸರದಿ.

ಕಾಯಿಲ್ ಬದಲಿಸುವಾಗ ಫ್ಲೈವೀಲಿಗೆ ಸುತ್ತಿಗೆ ಬೀಳದಿರಲಿ. ಎಳೆಯುವ ಪುಲ್ಲರ್ ಬಳಸಿ. ಎಂಜಿನ್ ತಂಪುಮಾಡಿ ಹಿಂಬದಿಯಿಂದ ಚಿಮ್ಮುವ ನೀರಿನ ಧಾರೆ ತೆಳುವಾಗಿದ್ದರೆ ನೀರಿನ ಪಂಪಿನ ಇಂಪೆಲ್ಲರ್ (ನೀರು ತಳ್ಳುವ ರಬ್ಬರ್ ಚಕ್ರ) ಅನ್ನೂ ಜೊತೆಯಲ್ಲೇ ಹಾಕಿಸಿಬಿಡಿ, ಇಲ್ಲವಾದರೆ ಹೊಸ ಕಾಯಿಲ್ಲೂ ಅದೇ ಬಿಸಿಯಲ್ಲಿ ಬೇಯುತ್ತದೆ.