ಸಹಾಯ ಬೇಕು: ಹಳೆಯ ತುರ್ತು ಪ್ಯಾರಾಚೂಟನ್ನು ಪರೀಕ್ಷಿಸುವವರು ಯಾರು?

ಗುಂಪಿನ ಹಿರಿಯರಿಗೆ ದಾವಣಗೆರೆಯಿಂದ ನಮಸ್ಕಾರಗಳು. ಗ್ಲೈಡರ್ ಹಾರಿಸುತ್ತಿದ್ದ ನಮ್ಮ ದೊಡ್ಡಪ್ಪನವರು ತಮ್ಮ ತುರ್ತು ಪ್ಯಾರಾಚೂಟನ್ನು ನನಗೆ ಕೊಟ್ಟಿದ್ದು, ಅದರ ಚೀಟಿಯಲ್ಲಿ ತಯಾರಿಕೆಯ ವರ್ಷ 2003 ಎಂದೂ ಕೊನೆಯ ಬಾರಿ ಮಡಚಿದ್ದು 2019ರಲ್ಲಿ ಎಂದೂ ಇದೆ. ಅಮೆರಿಕದ ನಿಯಮದಂತೆ, ನೈಲಾನ್ ಪ್ಯಾರಾಚೂಟನ್ನು ಹಾರಾಟಕ್ಕೆ ಹಿಂದಿನ 180 ದಿನಗಳೊಳಗೆ ಅರ್ಹ ತಜ್ಞರು ಮಡಚಿರಬೇಕು. ಒಟ್ಟು ಆಯುಷ್ಯದ ವಿಷಯದಲ್ಲಿ ಹಲವು ತಯಾರಕರು 20 ವರ್ಷಗಳ ಮಿತಿ ಹಾಕುತ್ತಾರೆ. ಬಿಸಿಲು ನೈಲಾನಿನ ಬಲವನ್ನು ಕುಗ್ಗಿಸುತ್ತದೆ. ಗಿರಣಿಗಳ ಊರಿನವನಾದ ನನಗೆ ಹತ್ತಿ ನೂಲಿನ ಗಟ್ಟಿತನ ಬೆರಳಿಗೇ ತಿಳಿಯುತ್ತದೆ, ಇದರದ್ದು ತಿಳಿಯದು. ಭುಜದ ಪಟ್ಟಿ ಬಣ್ಣಗೆಟ್ಟಿದೆ, ಚೀಲವನ್ನು ಮುಚ್ಚಿ ಹಿಡಿದಿರುವ ಪಿನ್ನಿನ ತುದಿಯಲ್ಲಿ ಸಾಸಿವೆಯಷ್ಟು ತುಕ್ಕು ಕಾಣುತ್ತಿದೆ. ಧರಿಸುವ ಧೈರ್ಯ ನನಗಂತೂ ಇಲ್ಲ. ಆದರೂ ದೊಡ್ಡಪ್ಪನವರಿಗೆ ಉತ್ತರ ಹೇಳುವ ಮೊದಲು ಬಲ್ಲವರೊಬ್ಬರು ನೋಡಲೆಂಬ ಆಸೆ. ಇದನ್ನು ಬಿಚ್ಚಿ ಪರೀಕ್ಷಿಸಬಲ್ಲ ತಜ್ಞರು ಕರ್ನಾಟಕದಲ್ಲಿ ಎಲ್ಲಿದ್ದಾರೆಂದು ದಯವಿಟ್ಟು ತಿಳಿಸಿ.