ಬಯೋಮಾಸ್: ಜೀವರಾಶಿಯೋ, ಉರುವಲೋ?

ಗೆಳೆಯರೇ, ನಮಸ್ಕಾರ.

ಕಲ್ಲಿದ್ದಲಿನ ವಿದ್ಯುತ್ ಸ್ಥಾವರಗಳನ್ನು ಬಯೋಮಾಸ್‌ಗೆ, ಅಂದರೆ ಮರ, ಹುಲ್ಲು, ಹೊಟ್ಟಿನಂಥ ಸರಕಿಗೆ, ಬದಲಿಸುವ ಬಗ್ಗೆ ಒಂದು ಬರಹ ಬರೆಯುತ್ತಿದ್ದೇನೆ. ಮೊದಲ ಸಾಲಿನಲ್ಲೇ ಸಿಕ್ಕಿಹಾಕಿಕೊಂಡೆ. ‘ಈ ಸ್ಥಾವರದಲ್ಲಿ ಈಗ ಜೀವರಾಶಿಯನ್ನು ಉರಿಸುತ್ತಾರೆ’ ಎಂದು ಬರೆದೆ. ಓದಿ ನೋಡಿದರೆ ಎದೆ ಧಸಕ್ಕೆಂದಿತು. ಜೀವರಾಶಿ ಅಂದರೆ ಇರುವೆಯಿಂದ ಆನೆಯವರೆಗೆ ಬದುಕಿರುವುದೆಲ್ಲಾ ಅಲ್ವಾ? ಅದನ್ನು ಬೆಂಕಿಗೆ ಹಾಕುವುದು ಅಂದರೇನು!

‘ಜೈವಿಕ ದ್ರವ್ಯರಾಶಿ’ ಎಂಬ ಪದವೂ ಇದೆ. ಆದರೆ ದ್ರವ್ಯರಾಶಿ ಎಂದ ಕೂಡಲೇ ಭೌತಶಾಸ್ತ್ರದ ಪಾಠ ನೆನಪಾಗುತ್ತದೆ, ಎಷ್ಟು ಕಿಲೋ ಎಂದು ಕೇಳಬೇಕೆನಿಸುತ್ತದೆ. ‘ಜೈವಿಕ ಇಂಧನ’ ಅಂದರೆ ಎಥೆನಾಲ್, ಬಯೋಡೀಸೆಲ್ ಕಣ್ಣಮುಂದೆ ಬರುತ್ತವೆ.

ನಿಜವಾಗಿ ಅಲ್ಲಿ ಉರಿಯುತ್ತಿರುವುದೇನು? ಇಂಗ್ಲೆಂಡಿನ ಯಾರ್ಕ್‌ಷೈರ್‌ನಲ್ಲಿರುವ ಡ್ರ್ಯಾಕ್ಸ್ ಸ್ಥಾವರದ ಆರು ಘಟಕಗಳಲ್ಲಿ ನಾಲ್ಕು, 2013ರಿಂದ 2018ರೊಳಗೆ ಬಯೋಮಾಸ್‌ಗೆ ಬದಲಾದವು. ಕೆನಡಾದ ಅಟಿಕೋಕನ್ ಸ್ಥಾವರ 2014ರಲ್ಲಿ ಬದಲಾಯಿತು. ಎರಡು ಕಡೆಯೂ ಉರಿಸುವುದು ಮರದ ಪುಡಿಯನ್ನು ಒತ್ತಿ ಮಾಡಿದ ಪೆಲೆಟ್‌ಗಳನ್ನು. ಕಿರುಬೆರಳಿಗಿಂತ ಸಪೂರವಾದ ತುಂಡುಗಳು. ಅಂದರೆ ಸೌದೆಯೇ.

ಹಾಗಾದರೆ ‘ಉರುವಲು’ ಎನ್ನಬಾರದೇಕೆ? ಸೌದೆ, ಪುಳ್ಳೆ, ಹೊಟ್ಟು, ಒಣಗಿದ ದಂಟು ಎಲ್ಲವೂ ಆ ಪದದೊಳಗೆ ಮೊದಲಿಂದಲೂ ಇವೆ. ಅದರ ಗುಣವೂ ಪದದ ಜೊತೆಗೇ ಬರುತ್ತದೆ. ಉರುವಲು ನೆನೆಯಬಾರದು, ಜಾಸ್ತಿ ಜಾಗ ಬೇಕು ಎಂದು ಯಾರಿಗೂ ಹೇಳಿಕೊಡಬೇಕಿಲ್ಲ. ಸ್ಥಾವರ ಬದಲಿಸುವವರ ತಲೆನೋವೂ ಅದೇ. ಕಲ್ಲಿದ್ದಲು ಮಳೆಯಲ್ಲೂ ಬಯಲಲ್ಲೇ ಬಿದ್ದಿರುತ್ತದೆ. ಪೆಲೆಟ್ ನೆನೆದರೆ ಉಬ್ಬಿ ಪುಡಿಯಾಗುತ್ತದೆ, ಅದಕ್ಕೆ ದೊಡ್ಡ ದೊಡ್ಡ ಮುಚ್ಚಿದ ಗುಮ್ಮಟಗಳನ್ನೇ ಕಟ್ಟಬೇಕು. ಒಂದು ಕಿಲೋ ಪೆಲೆಟ್‌ನಲ್ಲಿ ಸುಮಾರು 17 ಮೆಗಾಜೌಲ್ ಶಾಖ. ಒಳ್ಳೆಯ ಕಲ್ಲಿದ್ದಲಿನಲ್ಲಿ 25ರ ಆಸುಪಾಸು. ಕಲ್ಲಿದ್ದಲನ್ನು ಜಜ್ಜಿ ನುಣ್ಣಗೆ ಮಾಡುವ ಗಿರಣಿಗಳನ್ನೂ ಮಾರ್ಪಡಿಸಬೇಕು, ಏಕೆಂದರೆ ಮರ ನಾರುನಾರು, ಕಲ್ಲಿನ ಹಾಗೆ ಒಡೆಯುವುದಿಲ್ಲ.

ಮರ ಒಡೆಯುವಂತಾಗಲಿ ಎಂದು ಅದನ್ನು ಗಾಳಿ ಸೋಕದ ಹಾಗೆ 200ರಿಂದ 300 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಯಿಸುವುದೂ ಉಂಟು. ಆಗ ಅದು ಕಪ್ಪಾಗಿ, ಗರಿಗರಿಯಾಗಿ, ಬೇಗ ನೀರು ಹೀರದ ಹಾಗಾಗುತ್ತದೆ. ಇದನ್ನು ಟಾರಿಫ್ಯಾಕ್ಷನ್ ಎನ್ನುತ್ತಾರೆ. ಆ ಪದಕ್ಕೆ ಹುರಿಯುವುದು ಎಂದೇ ಅರ್ಥ. ಹೀಗೆ ಬಂದ ಸರಕನ್ನು ಬಯೋಕೋಲ್ ಎಂದು ಕರೆಯುತ್ತಾರೆ. ಕನ್ನಡದಲ್ಲಿ ‘ಜೈವಿಕ ಕಲ್ಲಿದ್ದಲು’ ಎಂದರೆ ಇಲ್ಲದ ಕಲ್ಲು ಸೇರಿಕೊಳ್ಳುತ್ತದೆ. ಇದ್ದಲು ಅಂದರೇ ಮರ ಸುಟ್ಟು ಬಂದದ್ದು, ನೆಲದಡಿ ಸಿಕ್ಕಿದ್ದನ್ನು ಬೇರೆ ಮಾಡಿ ಹೇಳಲು ಮುಂದೆ ‘ಕಲ್ಲು’ ಇಟ್ಟೆವು. ಈ ಮರ ಪೂರ್ತಿ ಇದ್ದಲೂ ಆಗಿರುವುದಿಲ್ಲ. ‘ಹುರಿದ ಸೌದೆ’ ಸಾಕು ಅನಿಸುತ್ತದೆ ನನಗೆ.

ಕಾಡುತ್ತಿರುವುದು ಒಂದೇ. ಉರುವಲು ಹುಟ್ಟಿದ್ದು ‘ಉರಿ’ಯಿಂದ. ಹಾಗೆ ನೋಡಿದರೆ ಕಲ್ಲಿದ್ದಲೂ ಉರುವಲೇ. ಆಗ ‘ಕಲ್ಲಿದ್ದಲಿನಿಂದ ಉರುವಲಿಗೆ’ ಎಂಬ ತಲೆಬರಹ ನಿಲ್ಲುವುದಿಲ್ಲ. ‘ಗಿಡಮರದ ಉರುವಲು’ ಎಂದರೆ ಹುಲ್ಲು, ಹೊಟ್ಟು ಹೊರಗುಳಿದಂತೆ ಕೇಳಿಸುತ್ತದೆ. ‘ಸಸ್ಯ ಉರುವಲು’ ಸ್ವಲ್ಪ ಬೆರಕೆ, ಆದರೆ ಎಲ್ಲವನ್ನೂ ಒಳಗೊಳ್ಳುತ್ತದೆ. ಸದ್ಯಕ್ಕೆ ಅದನ್ನೇ ಬರೆದಿಟ್ಟಿದ್ದೇನೆ. ಕಾಡಿನ ಒಂದು ತುಂಡಿನಲ್ಲಿರುವ ಜೀವಿಗಳ ಒಟ್ಟು ತೂಕಕ್ಕೂ ಬಯೋಮಾಸ್ ಎನ್ನುತ್ತಾರಲ್ಲ, ಆ ಮಾತು ಬಂದಾಗ ಜೀವರಾಶಿ ಇರಲಿ, ಅಲ್ಲಿ ಅದು ಚೆನ್ನಾಗಿ ಹೊಂದುತ್ತದೆ.

ನಿಮ್ಮ ಮಾತಿನಲ್ಲಿ ಉರುವಲು ಎಂದಾಗ ಕಲ್ಲಿದ್ದಲೂ ಸೇರುತ್ತದಾ, ಅಥವಾ ಬರೀ ಸೌದೆಯಂಥದ್ದೇ ಮನಸ್ಸಿಗೆ ಬರುತ್ತದಾ? ಪೆಲೆಟ್‌ಗೆ ಬಳಕೆಯಲ್ಲಿರುವ ಕನ್ನಡ ಪದ ಕೇಳಿದ್ದರೆ ಅದನ್ನೂ ದಯವಿಟ್ಟು ತಿಳಿಸಿ.