ರಾತ್ರಿ ಹೊತ್ತು ಮಾತ್ರ ಕೆಮ್ಮುವ ಪೊಮೆರೇನಿಯನ್ ನಾಯಿ: ಕಾರಣ ಏನಿರಬಹುದು?

ಪ್ರಶ್ನೆ (ದಾವಣಗೆರೆ): ನಮ್ಮ ಮನೆಯಲ್ಲಿ ಹತ್ತು ವರ್ಷದ ಪೊಮೆರೇನಿಯನ್ ಗಂಡು ನಾಯಿ ಇದೆ. ಹಗಲೆಲ್ಲ ಲವಲವಿಕೆಯಿಂದ ಓಡಾಡಿಕೊಂಡು, ಹೊಟ್ಟೆತುಂಬ ಉಂಡು ಮಲಗುವ ಅದು ನಡುರಾತ್ರಿ ಎದ್ದು ಒಣಕೆಮ್ಮು ಕೆಮ್ಮುತ್ತದೆ. ಕೊನೆಗೆ ಓಕರಿಸಿ ಬಿಳಿ ನೊರೆ ಕಾರುತ್ತದೆ. ಮೆಕ್ಕೆಜೋಳದ ಸುಗ್ಗಿಯಲ್ಲಿ ನಮ್ಮ ಓಣಿಗೆ ಧೂಳು ವಿಪರೀತ, ಸೊಳ್ಳೆಗಾಗಿ ರಾತ್ರಿ ಕಾಯಿಲ್ ಬೇರೆ ಹಚ್ಚುತ್ತೇವೆ. ಗಂಟಲಲ್ಲಿ ಮೂಳೆ ಸಿಕ್ಕಿರಬೇಕೆಂದು ನೆರೆಯವರು ಹೇಳುತ್ತಾರೆ. ಸದ್ಯಕ್ಕೆ ಮಕ್ಕಳ ಕೆಮ್ಮಿನ ಸಿರಪ್ ಕೊಡಬಹುದೇ?

ಉತ್ತರ: ಸಿರಪ್ ಖಂಡಿತ ಬೇಡ ಸರ್. ಶೀತ-ಕೆಮ್ಮಿನ ಕೆಲವು ಔಷಧಿಗಳಲ್ಲಿರುವ ಪ್ಯಾರಾಸಿಟಮಾಲ್, ಸಕ್ಕರೆಯ ಬದಲಿಗೆ ಬಳಸುವ ಕ್ಸೈಲಿಟಾಲ್ ನಾಯಿಗಳಿಗೆ ವಿಷ. ಮೂಳೆ ಸಿಕ್ಕಿದ್ದರೆ ಅದು ಹಗಲಿನಲ್ಲೂ ಜೊಲ್ಲು ಸುರಿಸುತ್ತ, ಊಟ ಬಿಟ್ಟು ಒದ್ದಾಡುತ್ತಿತ್ತು. ಕೆಮ್ಮಿನ ಕೊನೆಗೆ ಓಕರಿಸುವುದು ನಾಯಿಗಳಲ್ಲಿ ಸಾಮಾನ್ಯ. ಮೂಳೆಯ ಅನುಮಾನ ಹುಟ್ಟುವುದೂ ಹೆಚ್ಚಾಗಿ ಅದರಿಂದಲೇ.

ಈ ವಯಸ್ಸಿನ ಸಣ್ಣ ತಳಿಯಲ್ಲಿ ನಾನು ಮೊದಲು ಸಂಶಯಪಡುವುದು ಹೃದಯವನ್ನು. ಹೃದಯದ ಎಡಭಾಗದ ಎರಡು ಕೋಣೆಗಳ ನಡುವಿನ ಕವಾಟ ವಯಸ್ಸಾದಂತೆ ದಪ್ಪಗಾಗಿ ಸರಿಯಾಗಿ ಮುಚ್ಚದಿದ್ದಾಗ ರಕ್ತ ಹಿಂದಕ್ಕೆ ಸೋರಿ, ಮೇಲಿನ ಕೋಣೆ ಹಿಗ್ಗಿ ಪಕ್ಕದ ಶ್ವಾಸನಾಳವನ್ನು ಒತ್ತುತ್ತದೆ. ರೋಗ ಮುಂದುವರಿದರೆ ಶ್ವಾಸಕೋಶದಲ್ಲಿ ನೀರು ತುಂಬಿ, ಮಲಗಿದಾಗ ಉಸಿರಾಟ ಇನ್ನಷ್ಟು ಕಷ್ಟವಾಗುತ್ತದೆ. ಪೊಮೆರೇನಿಯನ್‌ಗಳಲ್ಲಿ ಶ್ವಾಸನಾಳವೇ ಸಡಿಲಗೊಂಡು ಕುಸಿಯುವುದೂ ಹೆಚ್ಚು. ಆ ಕೆಮ್ಮು ಬಾತುಕೋಳಿ ಕೂಗಿದಂತಿದ್ದು, ಉದ್ವೇಗಗೊಂಡಾಗ ಅಥವಾ ಕೊರಳಪಟ್ಟಿ ಎಳೆದಾಗ ಜೋರಾಗುತ್ತದೆ. ಒಂದೇ ನಾಯಿಗೆ ಎರಡೂ ಇರಬಹುದು, ಆದ್ದರಿಂದ ಸದ್ದು ಕೇಳಿಯೇ ತೀರ್ಮಾನಿಸುವಂತಿಲ್ಲ.

ಇತ್ತೀಚೆಗೆ ಬೇರೆ ನಾಯಿಗಳ ಜೊತೆ ಬೆರೆತಿದ್ದರೆ ಅಂಟುಕೆಮ್ಮನ್ನೂ ಯೋಚಿಸಬೇಕು, ಆದರೆ ಅದು ರಾತ್ರಿಯನ್ನೇ ಆರಿಸಿಕೊಳ್ಳುವುದಿಲ್ಲ. ಧೂಳು, ಕಾಯಿಲ್ ಹೊಗೆ ಇರುವ ಕೆಮ್ಮನ್ನು ಕೆರಳಿಸುತ್ತವೆ. ಕಾಯಿಲ್ ಬಿಟ್ಟು ಸೊಳ್ಳೆಪರದೆ ಕಟ್ಟಿ. ಸೊಳ್ಳೆಯಿಂದ ಹರಡುವ ಹೃದಯಹುಳುವಿನಿಂದಲೂ ಕೆಮ್ಮು ಬರುವುದರಿಂದ ಪರದೆಯ ಲಾಭ ಇಮ್ಮಡಿ.

ಇಂದು ರಾತ್ರಿ ಒಂದು ಕೆಲಸ ಮಾಡಿ. ನಾಯಿ ಗಾಢನಿದ್ರೆಯಲ್ಲಿರುವಾಗ ಎದೆ ಏರಿಳಿಯುವುದನ್ನು 30 ಸೆಕೆಂಡು ಎಣಿಸಿ, ಎರಡರಿಂದ ಗುಣಿಸಿ. ಆರೋಗ್ಯವಂತ ನಾಯಿಗೆ ಅದು ನಿಮಿಷಕ್ಕೆ 30ರ ಒಳಗಿರುತ್ತದೆ. ಕೆಮ್ಮುವಾಗ ಮೊಬೈಲಿನಲ್ಲಿ ವಿಡಿಯೊ ಮಾಡಿಕೊಳ್ಳಿ, ವೈದ್ಯರ ಮುಂದೆ ನಾಯಿ ಕೆಮ್ಮುವುದೇ ಇಲ್ಲ!

ಪ್ರಶ್ನಿಸಿದವರು: ಎಣಿಸಿದೆ ಸರ್, ಪ್ರತಿ ಸಲವೂ 40ರ ಆಸುಪಾಸು ಬರುತ್ತಿದೆ. ಒಸಡು ಗುಲಾಬಿಯಾಗಿಯೇ ಇದೆ. ವಾರಾಂತ್ಯದವರೆಗೆ ಕಾಯಬಹುದೇ?

ಉತ್ತರ: ಕಾಯಬೇಡಿ, ಇಂದೇ ತೋರಿಸಿ. ಎದೆಯ ಎಕ್ಸ್‌ರೇ ಮೊದಲು ಆಗಲಿ. ಹೃದಯದ ಸ್ಕ್ಯಾನ್ ಬೇಕೆಂದು ವೈದ್ಯರು ಹೇಳಿ, ಆ ಸೌಲಭ್ಯ ಊರಲ್ಲಿ ಸಿಗದಿದ್ದರೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನಲ್ಲಿ ವಿಚಾರಿಸಿ. ನೀರು ತೆಗೆಯುವ ಮಾತ್ರೆ ಮನೆಯ ಹಿರಿಯರಿಗೆಂದು ತಂದದ್ದು ಇದ್ದರೂ ನೀವಾಗಿ ಕೊಡಬೇಡಿ, ಪ್ರಮಾಣ ತಪ್ಪಿದರೆ ಕಿಡ್ನಿಗೆ ಪೆಟ್ಟು. ಕೊರಳಪಟ್ಟಿಯ ಬದಲು ಎದೆಗೆ ಕಟ್ಟುವ ಬೆಲ್ಟ್ ಹಾಕಿ, ಬಿಸಿಲೇರುವ ಮುನ್ನ ಹೊರಡಿ. ದಾರಿಯಲ್ಲಿ ನಾಲಿಗೆ ನೀಲಿಗಟ್ಟಿದರೆ ಅಥವಾ ಕತ್ತು ಚಾಚಿ ಬಾಯಿ ತೆರೆದು ಏದುಸಿರು ಬಿಟ್ಟರೆ ಹತ್ತಿರದ ಯಾವುದೇ ಪಶು ಆಸ್ಪತ್ರೆಗೆ ನುಗ್ಗಿ ಮೊದಲು ಆಮ್ಲಜನಕ ಕೊಡಿಸಿ.